ಬಡಿಗನ ಬಾಗಿಲಿಗೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಮಾಡಿಟ್ಟ ಹಿರಿಯರಿಗೆ ಮನೆ ಕಟ್ಟುವ ಕಷ್ಟ ತಿಳಿದಿತ್ತು. ಕಟ್ಟಿದ ಮನೆಯನ್ನು ಒಪ್ಪಗೊಳಿಸುವ ಕಷ್ಟ ತಿಳಿದಿರಲಿಲ್ಲ. ಅವರ ಕಾಲದಲ್ಲಿ ಆ ಕೆಲಸ ಮನೆಯೊಡತಿಯದು. ತೊಟ್ಟಿಲು ಯಾವ ತೊಲೆಗೆ ತೂಗಬೇಕು, ಬೀಸುಕಲ್ಲು ಯಾವ ಮೂಲೆಯಲ್ಲಿ ಕೂರಬೇಕು, ಬಂದವರಿಗೆ ಹಾಸುವ ಜಮಖಾನೆ ಯಾವ ಗೂಟದ ಮೇಲಿರಬೇಕು ಎಂಬುದನ್ನು ಆಕೆ ಅರ್ಧ ದಿನದಲ್ಲಿ ತೀರ್ಮಾನಿಸಿ ಮಿಕ್ಕರ್ಧ ದಿನದಲ್ಲಿ ಅಡಿಗೆಯನ್ನೂ ಮುಗಿಸುತ್ತಿದ್ದಳು. ಈಗ ಅದೊಂದು ವಿದ್ಯೆ. ಅದಕ್ಕೆ ಕಾಲೇಜುಗಳಿವೆ, ಪದವಿಗಳಿವೆ. ಇಂಜಿನಿಯರು ಮನೆಯಿಂದ ಹೊರಬಿದ್ದೊಡನೆ ಇಂಟೀರಿಯರ್ ಡಿಸೈನರು, ಎಂದರೆ ಒಳಾಂಗಣ ವಿನ್ಯಾಸಕಾರರು, ಒಳಗೆ ಕಾಲಿಡುತ್ತಾರೆ. ಇದರಲ್ಲಿ ನಗುವಂಥದೇನೂ ಇಲ್ಲ. ಮನೆಗಳು ಕಿರಿದಾಗಿ ಸಾಮಾನುಗಳು ಹಿರಿದಾದ ಕಾಲದಲ್ಲಿ ಇಂಥವರೊಬ್ಬರು ಬೇಕಾದುದು ಸಹಜವೇ.

ಈ ವೃತ್ತಿಯವರಲ್ಲಿ ಒಂದು ಒಳ್ಳೆಯ ರೂಢಿ ಬೆಳೆದಿದೆ. ಹತ್ತಾರು ಮಂದಿ ಒಟ್ಟುಗೂಡಿ ಪ್ರವಾಸ ಹೋಗುವುದು. ಅದು ದೇವಸ್ಥಾನ, ಜಲಪಾತಗಳ ಪ್ರವಾಸವಲ್ಲ. ಕುರ್ಚಿ ಎಲ್ಲಿ ಹುಟ್ಟುತ್ತದೆ, ಮೇಜನ್ನು ಯಾರು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡುಬರುವ ಪ್ರವಾಸ. ಅಮೆರಿಕೆಯಲ್ಲಿ ಇಂಥ ತಂಡಗಳನ್ನು ಬಹುವಾಗಿ ಸೆಳೆಯುವ ಸೀಮೆಗಳಲ್ಲೊಂದು ಓಹಾಯೋ ಸಂಸ್ಥಾನದ ಹೋಮ್ಸ್ ಕೌಂಟಿ. ಅಲ್ಲಿ ನೆಲೆಸಿರುವವರು ಆಮಿಷ್ ಎಂಬ ಪಂಗಡದ ಕ್ರೈಸ್ತರು. ಕನ್ನಡದ ಕಿವಿಗೆ ಈ ಹೆಸರು 'ಆಮಿಷ' ಎಂದೇ ಕೇಳಿಸುವುದು ಒಂದು ವಿನೋದ; ಏಕೆಂದರೆ ಹೊಸ ಕಾಲದ ಆಮಿಷಗಳಿಗೆ ಇವರಷ್ಟು ಬೆನ್ನು ತಿರುಗಿಸಿದ ಜನ ಲೋಕದಲ್ಲಿ ವಿರಳ. ಕಾರು ಇಟ್ಟುಕೊಳ್ಳರು, ಕುದುರೆ ಕಟ್ಟಿದ ಗಾಡಿಯಲ್ಲಿ ಓಡಾಡುವರು. ಊರಿಗೆಲ್ಲ ಬರುವ ವಿದ್ಯುತ್ತಿನ ತಂತಿಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳರು. ಮಕ್ಕಳನ್ನು ಎಂಟನೆಯ ತರಗತಿಯವರೆಗೆ ಓದಿಸಿ ಆಮೇಲೆ ಹೊಲಕ್ಕೋ ಕಾರ್ಖಾನೆಗೋ ಹಚ್ಚುವರು. ಇದಕ್ಕಾಗಿ ವ್ಯಾಜ್ಯವಾಗಿ, 1972ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು.

ಯೂರೋಪಿನ ಸ್ವಿಸ್ ಸೀಮೆಯಲ್ಲಿ 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬವನ ಕಟ್ಟುನಿಟ್ಟನ್ನು ಒಪ್ಪಿ ಸಿಡಿದು ಬೇರೆಯಾದ ಗುಂಪು ಇದು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ವಲಸೆ ಬಂದರು. ಇಂದಿಗೂ ಮನೆಯಲ್ಲಿ ಆಡುವುದು ಜರ್ಮನ್ ಭಾಷೆಯ ಒಂದು ಪ್ರಭೇದವನ್ನು. 1900ರ ಹೊತ್ತಿಗೆ ಕೆಲವೇ ಸಾವಿರವಿದ್ದವರು ಇಂದು ಸುಮಾರು 4 ಲಕ್ಷವಾಗಿದ್ದಾರೆ. ಇಲ್ಲಿಯೇ ಅವರ ಪೀಠೋಪಕರಣಗಳ ಕಥೆಯೂ ಆರಂಭವಾಗುವುದು. ಮನೆಗೆ ಆರೇಳು ಮಕ್ಕಳು. ಹೊಲ ಮಾತ್ರ ಅಷ್ಟೇ. ಭೂಮಿಯ ಬೆಲೆ ಏರಿತು. ಎಲ್ಲ ಗಂಡುಮಕ್ಕಳಿಗೂ ಒಕ್ಕಲುತನ ಸಾಲದಾಯಿತು. ಆಗ ಅವರು ಪಟ್ಟಣದ ಗಿರಣಿಗೆ ಹೋಗಲಿಲ್ಲ. ದನದ ಕೊಟ್ಟಿಗೆಯ ಪಕ್ಕದಲ್ಲೊಂದು ಮರಗೆಲಸದ ಚಪ್ಪರವೆಬ್ಬಿಸಿದರು. ಓಕ್, ಚೆರ್ರಿ, ಮೇಪಲ್, ಹಿಕೋರಿ ಮೊದಲಾದ ಗಟ್ಟಿಮರಗಳನ್ನು ಕೊಯ್ದು ಮೇಜು, ಕುರ್ಚಿ, ಮಂಚಗಳನ್ನು ಮಾಡತೊಡಗಿದರು.

ವಿದ್ಯುತ್ತಿಲ್ಲದೆ ಕಾರ್ಖಾನೆ ನಡೆಯುವುದೆಂತು? ಪ್ರವಾಸಿಗಳು ಅಲ್ಲಿ ಬೆರಗಾಗುವುದು ಇದಕ್ಕೇ. ಹೊರಗೊಂದು ಡೀಸೆಲ್ ಎಂಜಿನ್ ಓಡುತ್ತಿರುತ್ತದೆ. ಅದರ ಬಲದಿಂದ ನೆಲದಡಿಯಲ್ಲಿ ಒಂದು ಉದ್ದನೆಯ ಉಕ್ಕಿನ ದಂಡ ತಿರುಗುತ್ತದೆ. ಅದಕ್ಕೆ ಪಟ್ಟಿ ಬಿಗಿದು ಗರಗಸವನ್ನು ತಿರುಗಿಸುತ್ತಾರೆ. ಇಲ್ಲವೆ ಗಾಳಿಯನ್ನು ಒತ್ತಿಹಿಡಿದು ಕೊಳವೆಯಲ್ಲಿ ಹಾಯಿಸಿ ಬೈರಿಗೆಯನ್ನೂ ಉಜ್ಜುವ ಯಂತ್ರವನ್ನೂ ನಡೆಸುತ್ತಾರೆ. ಆಮಿಷರು ಯಂತ್ರದ ವೈರಿಗಳೆಂಬ ಮಾತು ಹಾಗಾಗಿ ಪೂರ್ತಿ ನಿಜವಲ್ಲ. ಯಾವ ಯಂತ್ರ ಬಂದರೆ ತಮ್ಮ ಮನೆ, ನೆರೆ, ಸಭೆಗಳ ಕಟ್ಟು ಸಡಿಲಾದೀತು ಎಂದು ಎಲ್ಲರೂ ಕೂಡಿ ವಿಚಾರಿಸಿ, ಬೇಡವೆನ್ನಿಸಿದ್ದನ್ನು ಹೊರಗಿಡುತ್ತಾರೆ. ಒಬ್ಬನ ಅಂಗಡಿ ತೀರ ದೊಡ್ಡದಾಗುವುದೂ ಅವರಿಗೆ ಹಿತವಲ್ಲ. ಒಬ್ಬ ಕುರ್ಚಿ ಮಾತ್ರ ಮಾಡಿದರೆ ನೆರೆಯವನು ಮೇಜು ಮಾತ್ರ ಮಾಡುವನು; ಬಣ್ಣ, ಹೊಳಪು ಕೊಡುವ ಚಪ್ಪರ ಇನ್ನೊಬ್ಬನದು. ಒಂದು ಊಟದ ಮೇಜು ಗಿರಾಕಿಯ ಮನೆ ಸೇರುವ ಮೊದಲು ಮೂರು ಮನೆಗಳ ಅನ್ನವಾಗಿರುತ್ತದೆ.

ಇಷ್ಟನ್ನು ನೋಡಿ ಮರಳಿದ ವಿನ್ಯಾಸಕಾರರು ತಮ್ಮ ಗಿರಾಕಿಗಳಿಗೆ ಆ ಮೇಜನ್ನು ಕೊಡಿಸುವುದರಲ್ಲಿ ಲಾಭ ಎರಡೂ ಕಡೆಗೆ ಉಂಟು. ಹಾನಿಯೂ ಉಂಟೆ? ಉಂಟು, ಆದರೆ ಅದನ್ನು ಕಲಿಯಬೇಕಾದುದು ಮೇಜಿನ ಕಥೆಯಿಂದಲ್ಲ, ಕೌದಿಯ ಕಥೆಯಿಂದ.

ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯಂಥದನ್ನೇ ಆಮಿಷ್ ಹೆಂಗಸರೂ ಹೊಲಿಯುತ್ತಾರೆ. ಕಡುನೀಲಿ, ಕೆನ್ನೇರಳೆ, ಕಪ್ಪು, ಇಟ್ಟಿಗೆಗೆಂಪು. ಮಾದರಿ ಸರಳ, ಹೊಲಿಗೆ ಅತಿ ಸಣ್ಣ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಅಮೆರಿಕೆಯ ಹಳೆಯ ಕೌದಿಗಳನ್ನು ಚಿತ್ರಪಟಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಪಟ್ಟಣಿಗರ ಕಣ್ಣು ತೆರೆಯಿತು. ಮುಂದಿನ ವರ್ಷಗಳಲ್ಲಿ ವ್ಯಾಪಾರಿಗಳು ಆಮಿಷ್ ಹಳ್ಳಿಗಳ ಬಾಗಿಲು ಬಾಗಿಲಿಗೆ ಹೋಗಿ, ಅಜ್ಜಿಯ ಪೆಟ್ಟಿಗೆಯ ತಳದಲ್ಲಿದ್ದ ಕೌದಿಗಳನ್ನು ಕೊಂಡರು. ಮಾರಿದವರಿಗೆ ಸಿಕ್ಕಿದ ಹಣಕ್ಕೂ ಪಟ್ಟಣದ ಹರಾಜಿನ ಹಣಕ್ಕೂ ಅಜಗಜಾಂತರ. ಹಳೆಯವು ತೀರಿದ ಮೇಲೆ ಹೊಸವಕ್ಕೆ ಬೇಡಿಕೆ ಬಂತು. ಬೇಡಿಕೆಯಷ್ಟು ಹೊಲಿಯಲು ಆಮಿಷ್ ಹೆಂಗಸರ ಕೈ ಸಾಲದೆ ಹೋದಾಗ, ಲಾವೋಸ್ ದೇಶದ ಯುದ್ಧದಿಂದ ತಪ್ಪಿಸಿಕೊಂಡು ಅಮೆರಿಕೆಗೆ ಬಂದಿದ್ದ ಹ್ಮೋಂಗ್ ಜನಾಂಗದ ಹೆಂಗಸರು ಲ್ಯಾಂಕಾಸ್ಟರಿನ ಅಂಗಡಿಗಳಿಗಾಗಿ ಅವುಗಳನ್ನು ಹೊಲಿದುಕೊಟ್ಟರು. ಕೊಂಡವರು ಮಾತ್ರ ಅದನ್ನು ಬಿಳಿಯ ಟೊಪ್ಪಿಗೆಯ ಆಮಿಷ್ ಅಜ್ಜಿಯ ಕೈಕೆಲಸವೆಂದೇ ನಂಬಿ ಹಾಸಿಗೆಯ ಮೇಲೆ ಹರಡಿದರು. ಹ್ಮೋಂಗ್ ಹೆಂಗಸಿನ ಸೂಜಿಗೆ ಕೂಲಿ ಸಿಕ್ಕಿತು, ಹೆಸರು ಸಿಗಲಿಲ್ಲ. ಕಸುಬಿನ ಮೇಲಣ ಪ್ರೀತಿ ಕಸುಬಿನವನ ಮೇಲಣ ಪ್ರೀತಿಯಾಗದಿದ್ದರೆ ಹೀಗಾಗುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಂಥದೊಂದು ತಂಡ ಹೊರಟಿತೆಂದಿಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕು? ಮೈಸೂರಿನ ಬೀಟೆಮರದ ಕೆತ್ತನೆ, ಚನ್ನಪಟ್ಟಣದ ಅರಗಿನ ಗೊಂಬೆ ಎಲ್ಲರಿಗೂ ಗೊತ್ತಿರುವಂಥವು. ರೈಲು, ಬಸ್ಸು, ಅಂಗಡಿಸಾಲು ಎಲ್ಲವೂ ಅಲ್ಲಿವೆ. ಅಲ್ಲಿಗೆ ಹೋಗಬೇಡವೆಂದು ಯಾರೂ ಹೇಳರು. ಆದರೆ ಆಮಿಷರ ಸೀಮೆಯಲ್ಲಿ ಕಂಡ ಶ್ರದ್ಧೆಗೂ ಕೆಲಸಕ್ಕೂ ಇರುವ ನಂಟನ್ನು ಕನ್ನಡ ನೆಲದಲ್ಲಿ ಹುಡುಕುವುದಾದರೆ ಕೃಷ್ಣೆಯ ದಂಡೆಗೆ, ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬರುವುದು ಉಚಿತ.

ತಂಗಡಗಿಯಲ್ಲಿ ಪೀಠೋಪಕರಣಗಳ ಪೇಟೆಯೇನೂ ಇಲ್ಲ. ಅದು ನೀಲಾಂಬಿಕೆಯ ಊರು. ಕಲ್ಯಾಣದ ಕೋಲಾಹಲದ ಅನಂತರ ಬಸವಣ್ಣನವರು ಕೂಡಲಸಂಗಮಕ್ಕೆ ಬಂದು, ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ, ಆಕೆ ನದಿಯ ಈಚೆಯ ದಡದ ತಂಗಡಗಿಗೆ ಬರುವಷ್ಟರಲ್ಲಿ ಆಚೆಯ ದಡದಲ್ಲಿ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ತಿಳಿದು, ಇದ್ದಲ್ಲಿಯೇ ಐಕ್ಯಳಾದಳೆಂದೂ ಪ್ರತೀತಿ. ಅಪ್ಪಣ್ಣನ ಹೆಸರಿನ ಹಡಪದ ಸಮಾಜದ ಗುರುಪೀಠವೂ ಇದೇ ಊರಿನಲ್ಲಿದೆ. ಕ್ಷೌರಿಕ ವೃತ್ತಿಯ ಸಮಾಜವೊಂದು ತನ್ನ ಪೀಠವನ್ನು ಹನ್ನೆರಡನೆಯ ಶತಮಾನದ ಶರಣನ ಹೆಸರಿನಲ್ಲಿ ಕಟ್ಟಿಕೊಂಡಿರುವುದು, ಈ ಸೀಮೆಯಲ್ಲಿ ಕೈಕೆಲಸಕ್ಕೂ ದೇವರಿಗೂ ನಡುವೆ ಎಷ್ಟು ಕಡಿಮೆ ದೂರವಿತ್ತೆಂಬುದನ್ನು ಹೇಳುತ್ತದೆ.

ಆ ಶರಣರ ನಡುವೆ ಬಡಿಗನೂ ಒಬ್ಬನಿದ್ದ. ಬಾಚಿ ಕಾಯಕದ ಬಸವಯ್ಯನೆಂದು ಅವನ ಹೆಸರು. ಮರ ಕೆತ್ತುವ ಬಾಚಿಯೇ ಹೆಸರಿನ ಮೊದಲಲ್ಲಿ ಕುಳಿತಿದೆ. ಅವನು ವಚನಕಾರ, ವಚನಗಳ ಅಂಕಿತದಲ್ಲಿಯೂ ವಿಶ್ವಕರ್ಮ, ಕಾಳಿಕೆಯರನ್ನು ಬಿಟ್ಟುಕೊಡಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯಂತೂ ಮನೆಮನೆಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದುತಂದಾಗ ಆಕೆ ಅದನ್ನು ಹಿಂದಕ್ಕೆ ಸುರಿದುಬರಲು ಹೇಳಿದಳು. ಅಂಗಡಿ ತೀರ ದೊಡ್ಡದಾಗಬಾರದೆನ್ನುವ ಓಹಾಯೋದ ಬಡಿಗನಿಗೆ ಈ ಕಥೆಯನ್ನು ಹೇಳಿದರೆ ಅವನಿಗೆ ವಿವರಣೆಯೇ ಬೇಕಾಗದು.

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು. ಆಮಿಷರು ಲೋಕದಿಂದ ಬೇರೆಯಾಗಿ ನಿಂತರು. ಶರಣರು ಲೋಕದ ನಡುವೆ ನಿಂತು ಅದನ್ನು ತಿದ್ದಹೊರಟರು. ಒಬ್ಬರಿಗೆ ಬೇಲಿ ಸಿಕ್ಕಿತು, ಇನ್ನೊಬ್ಬರಿಗೆ ಕಾಳಗ ಸಿಕ್ಕಿತು.

ಈ ಭಾಗದ ಹಳ್ಳಿಯ ಬಡಿಗನ ಬದುಕು ನಡೆಯುತ್ತಿದ್ದ ಬಗೆಯನ್ನು ಪಟ್ಟಣದ ಇಂದಿನ ಓದುಗರು ಬಹುಶಃ ಅರಿಯರು. ಅವನು ಆಯಗಾರ. ವರ್ಷವಿಡೀ ಒಕ್ಕಲಿಗರ ರಂಟೆ, ಕುಂಟೆ, ಕೂರಿಗೆಗಳನ್ನು ಮಾಡಿಕೊಡುವುದು, ಮುರಿದರೆ ಸರಿಪಡಿಸುವುದು, ಚಕ್ಕಡಿಯ ಗಾಲಿ ಕೂರಿಸುವುದು ಅವನ ಹೊಣೆ. ಆಗಿಂದಾಗ್ಗೆ ಹಣ ಕೇಳುವಂತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಕ್ಕಲಿಗ ಜೋಳ ಅಳೆದು ಕೊಡುವನು, ಅದೇ 'ಆಯ'. ಮನೆಯ ತಲೆಬಾಗಿಲಿನ ಅಳತೆಯನ್ನು ಶುಭವಾಗುವಂತೆ ಲೆಕ್ಕಹಾಕುವುದಕ್ಕೂ ಬಡಿಗನ ಶಾಸ್ತ್ರದಲ್ಲಿ 'ಆಯ' ಎಂದೇ ಹೆಸರು. ಒಂದೇ ಮಾತು ಅವನ ಅನ್ನಕ್ಕೂ ಆಯಿತು, ಅವನ ಅಳತೆಗೂ ಆಯಿತು. ಊರಿನ ಹುಡುಗರು ಅವನನ್ನು ಬಡಿಗೇರ ಕಾಕಾ ಎಂದು ಕರೆಯುವರು; ಅವನ ಮಗನನ್ನೂ ಮುಂದೆ ಹಾಗೆಯೇ ಕರೆಯುವರು. ಎರೆಭೂಮಿಯ ಆ ನಾಡಿನಲ್ಲಿ ಕಾಡಿಲ್ಲ. ಹೊಲದ ಬದುವಿನ ಜಾಲಿ, ಮನೆಯ ಮುಂದಿನ ಬೇವು ಇವೇ ದೊಡ್ಡ ಮರಗಳು. ಜಾಲಿ ಗಟ್ಟಿ, ಅದು ಗಾಲಿಗೆ, ರಂಟೆಗೆ. ಮನೆ ಕಟ್ಟುವ ಉಳ್ಳವರು ಹಳಿಯಾಳ, ದಾಂಡೇಲಿಯ ಕಡೆಯಿಂದ ಬಂದ ತೇಗವನ್ನು ಕೊಳ್ಳುವರು. ಹೀಗೆ ಮರವೇ ಅಪರೂಪವಾದ ಕಡೆಯಲ್ಲಿ ಮರದ ಮರ್ಯಾದೆ ಹೆಚ್ಚು. ಪಡಸಾಲೆಯ ಕಂಬ, ಅದರ ತಲೆಯ ಮೇಲಿನ ಬೋದಿಗೆ, ತೊಲೆ, ಜಂತೆ, ಹೊಸ್ತಿಲು, ಹೂಬಳ್ಳಿ ಕೆತ್ತಿದ ಚೌಕಟ್ಟು ಇವೆಲ್ಲ ಒಂದು ತಲೆಮಾರಿನ ಸೊತ್ತಲ್ಲ, ನಾಲ್ಕು ತಲೆಮಾರಿನದು. ಕಬ್ಬಿಣದ ಮೊಳೆ ತಾಗಿಸದೆ, ಒಂದರ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ, ಮರದ ಗೂಟವನ್ನೇ ಬಡಿದು ಬಿಗಿ ಮಾಡಿದ ಬಾಗಿಲುವಾಡಗಳನ್ನು ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತು.

ಬಿಚ್ಚುವ ಕಾಲವೂ ಬಂತು. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರು ಕೂಡಲಸಂಗಮ, ತಂಗಡಗಿಗಳ ದಂಡೆಯವರೆಗೂ ಚಾಚಿತು. ಅಲ್ಲಿಂದ ಮೇಲಕ್ಕೆ ಆಲಮಟ್ಟಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಎದ್ದಿತು. ಅನೇಕ ಹಳ್ಳಿಗಳು ಮುಳುಗಿದವು. ಹಳೆಯ ಬಾಗಲಕೋಟೆಯ ಭಾಗವೊಂದು ನೀರುಪಾಲಾಗಿ, ಅಲ್ಲಿಯವರಿಗಾಗಿ ನವನಗರವೆಂಬ ಹೊಸ ಊರು ಕಟ್ಟಬೇಕಾಯಿತು. ಬರಡು ಹೊಲಗಳಿಗೆ ನೀರು ಬಂದುದು ಸಣ್ಣ ಮಾತಲ್ಲ. ಅದನ್ನು ಅಲ್ಲಗಳೆಯುವವರು ಆ ನಾಡಿನ ಬರಗಾಲಗಳನ್ನು ಮರೆತವರು. ಆದರೆ ಮನೆ ಬಿಟ್ಟವರು ಕಲ್ಲುಮಣ್ಣಿನ ಗೋಡೆಯನ್ನು ಹೊತ್ತೊಯ್ಯಲಾರರು. ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಬಲ್ಲರು. ಪುನರ್ವಸತಿಯ ಮನೆಗಳ ಅಳತೆಗೆ ಹಳೆಯ ವಾಡೆಯ ಕಂಬ ಒಗ್ಗದಿದ್ದರೆ, ಹಿತ್ತಿಲಲ್ಲಿ ಬಿಸಿಲುಮಳೆಗೆ ಒಡ್ಡಿ ಇಡುವುದಕ್ಕಿಂತ ಬಂದಷ್ಟಕ್ಕೆ ಮಾರುವುದೇ ಲೇಸೆಂದು ತೋರುವುದು ಸಹಜ. ಅಣೆಕಟ್ಟಿಲ್ಲದ ಕಡೆಗಳಲ್ಲಿಯೂ ಆರ್‌ಸಿಸಿ ಮನೆಯ ಆಸೆ ಅದೇ ಕೆಲಸವನ್ನು ಮಾಡಿತು, ಮಾಡುತ್ತಲೂ ಇದೆ.

ಹೀಗೆ ಬಿಡಿಸಿದ ಬಾಗಿಲು ಎಲ್ಲಿಗೆ ಹೋಗುತ್ತದೆ? ತಮಿಳುನಾಡಿನ ಕಾರೈಕುಡಿಯಲ್ಲಿ, ಕೊಚ್ಚಿಯ ಮಟ್ಟಂಚೇರಿಯಲ್ಲಿ ಹಳೆಯ ಮನೆಗಳ ಬಾಗಿಲುಗಳನ್ನೂ ಕಂಬಗಳನ್ನೂ ಸಾಲಾಗಿ ನಿಲ್ಲಿಸಿ ಮಾರುವ ಬೀದಿಗಳೇ ಇವೆ. ಒಳಾಂಗಣ ವಿನ್ಯಾಸಕಾರರ ತಂಡಗಳು ಅಲ್ಲಿಗೆ ಹೋಗುವುದು ವಾಡಿಕೆ. ಒಬ್ಬನ ತಲೆಬಾಗಿಲು ಇನ್ನೊಬ್ಬನ ಊಟದ ಮೇಜಾಗುತ್ತದೆ. ಮೇಲೆ ಗಾಜು ಹಾಸಿ ಕುರ್ಚಿ ಎಳೆದುಕೊಂಡರೆ ಆಯಿತು. ಉರುವಲಾಗುವುದಕ್ಕಿಂತ ಇದು ಉತ್ತಮವೆಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಮಣಿಪಾಲದ ವಿಜಯನಾಥ ಶೆಣೈ ಅವರು ಆ ವಾದವನ್ನು ಒಂದು ವ್ರತವನ್ನಾಗಿಯೇ ಮಾಡಿಕೊಂಡರು. ಬ್ಯಾಂಕಿನ ಉದ್ಯೋಗದಲ್ಲಿದ್ದ ಅವರು, 1974ರ ಭೂಸುಧಾರಣೆಯ ಅನಂತರ ದೊಡ್ಡ ಮನೆತನಗಳ ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಿದ್ದುದನ್ನು ಕಂಡು, ಕೆಡವಿದವರಿಂದ ಮರವನ್ನು ಕೊಂಡು ಕೂಡಿಹಾಕತೊಡಗಿದರು. ಮೊದಲು ತಮ್ಮ ಮನೆಯನ್ನೇ ಅದರಿಂದ ಕಟ್ಟಿಕೊಂಡರು. ಅನಂತರ ಮನೆಗಳನ್ನು ಇಡಿ ಇಡಿಯಾಗಿ ಬಿಚ್ಚಿ, ತುಂಡುಗಳಿಗೆ ಗುರುತು ಹಾಕಿ, ಮಣಿಪಾಲಕ್ಕೆ ಸಾಗಿಸಿ, ಮೊದಲಿದ್ದಂತೆಯೇ ನಿಲ್ಲಿಸಿದರು. ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರು ಹಜಾರ ಇಂದು ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿವೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿಯೂ ಇಳಕಲ್ಲಿನ ನೇಕಾರನ ಮನೆಯೊಂದನ್ನು ಮರಳಿ ಕಟ್ಟಿದ್ದಾರೆ. 2017ರಲ್ಲಿ ತೀರಿಕೊಂಡ ಶೆಣೈ ಅವರಂಥವರು ಇಲ್ಲದಿದ್ದರೆ ಉತ್ತರ ಕರ್ನಾಟಕದ ಕಂಬ ಹೇಗಿತ್ತೆಂಬುದನ್ನು ಚಿತ್ರದಲ್ಲಿ ಮಾತ್ರ ನೋಡಬೇಕಾಗುತ್ತಿತ್ತು.

ಆದರೆ ಇಡೀ ಮನೆಯನ್ನು ಉಳಿಸುವುದು ಬೇರೆ. ಒಂದು ಬಾಗಿಲನ್ನು ಕಿತ್ತು ಮೇಜು ಮಾಡುವುದು ಬೇರೆ. ಅಲ್ಲದೆ ಹಳೆಯ ಬಾಗಿಲನ್ನು ಕೊಂಡ ಹಣದಲ್ಲಿ ಒಂದು ಕಾಸೂ ಬಡಿಗನಿಗೆ ಸೇರದು. ಅದನ್ನು ಕೆತ್ತಿದವನು ತೀರಿ ನೂರು ವರ್ಷವಾಯಿತು. ಅವನ ಮರಿಮಗ ಇದ್ದಾನೆ. ಟ್ರಾಕ್ಟರು ಬಂದ ಮೇಲೆ ರಂಟೆ, ಕೂರಿಗೆಗಳ ಕೆಲಸ ಇಳಿಯಿತು. ಕಣದ ಆಯ ನಿಂತಿತು. ಅವನು ಮುದ್ದೇಬಿಹಾಳದಲ್ಲೋ ಹುನಗುಂದದಲ್ಲೋ ಪ್ಲೈವುಡ್ಡಿನ ಹಲಗೆಗೆ ಮೈಕಾ ಅಂಟಿಸುತ್ತಿರಬಹುದು, ಇಲ್ಲವೆ ಗೋವೆಗೋ ಪುಣೆಗೋ ದುಡಿಯಲು ಹೋಗಿರಬಹುದು. ಮುತ್ತಜ್ಜ ಕೆತ್ತಿದ ಬಾಗಿಲಿಗೆ ಪಟ್ಟಣದಲ್ಲಿ ಎರಗಿ ಬೀಳುವ ಜನ, ಮರಿಮಗನಿಗೆ ಒಂದು ಹೊಸ ಬಾಗಿಲು ಮಾಡಿಕೊಡೆಂದು ಹೇಳುವುದಿಲ್ಲ. ಆಮಿಷರ ಮಕ್ಕಳು ಹೊಲ ಸಾಲದೆ ಮರಗೆಲಸಕ್ಕೆ ಬಂದರು. ನಮ್ಮ ಬಡಿಗನ ಮಕ್ಕಳು ಮರಗೆಲಸ ಸಾಲದೆ ಊರು ಬಿಟ್ಟರು. ಕೈಯಲ್ಲಿನ ಬಾಚಿ ಎರಡೂ ಕಡೆ ಒಂದೇ. ಅಂತರವಿರುವುದು ಬಾಗಿಲಿಗೆ ಬಂದು ನಿಂತ ಗಿರಾಕಿಯಲ್ಲಿ.

ಹಾಗಾದರೆ ನಮ್ಮ ಊಹೆಯ ತಂಡ ತಂಗಡಗಿಯಲ್ಲಿ ನೀಲಮ್ಮನಿಗೆ ಕೈಮುಗಿದು ಎತ್ತ ಹೋಗಬೇಕು? ಹೊಳೆ ದಾಟಿ ಹುನಗುಂದ, ಇಳಕಲ್ಲು, ಕುಷ್ಟಗಿಗಳ ಮೇಲೆ ದಕ್ಷಿಣಕ್ಕೆ ಇಳಿದರೆ ಕೊಪ್ಪಳ. ಅದರ ಸಮೀಪದಲ್ಲಿಯೇ ಕಿನ್ನಾಳ. ದಾರಿಯಲ್ಲಿ ಇಳಕಲ್ಲಿನ ಕುಣಿಮಗ್ಗಗಳನ್ನು ನೋಡುವಾಗ ಸೀರೆಯ ಮೇಲೆಯೇ ಕಣ್ಣಿಡದೆ ಮಗ್ಗದ ಮರವನ್ನೂ ಒಮ್ಮೆ ನೋಡಬೇಕು. ಅದೂ ಬಡಿಗನದೇ ಕೆಲಸ.

ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಮರದ ಮೂರ್ತಿ, ಗೊಂಬೆ, ಹಣ್ಣುಕಾಯಿ, ಪಲ್ಲಕ್ಕಿ, ತೊಟ್ಟಿಲು ಇವೆಲ್ಲ ರೂಪುಗೊಳ್ಳುತ್ತವೆ. ಹಂಪೆಯ ಪಂಪಾಪತಿ ಗುಡಿಯ ಚಿತ್ರಗಳನ್ನು ಬರೆದವರೂ ಅಲ್ಲಿನ ಮರದ ರಥದ ಕುಸುರಿ ಮಾಡಿದವರೂ ತಮ್ಮ ಹಿರಿಯರೇ ಎಂದು ಅವರು ಹೇಳುತ್ತಾರೆ. ಕೆಲಸದ ಕ್ರಮ ಬಲು ತಾಳ್ಮೆಯದು. ಹಗುರವಾದ ಪೊಲ್ಕಿ ಮರವನ್ನು ಬೇರೆ ಬೇರೆ ಅಂಗಗಳಾಗಿ ಕೆತ್ತಿ ಹುಣಿಸೆಬೀಜದ ಸರಿಯಿಂದ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಸರಿಯೊಡನೆ ಕಲಸಿದರೆ 'ಕಿಟ್ಟ'ವಾಗುತ್ತದೆ. ಅದನ್ನು ಮೈಗೆಲ್ಲ ಕೈಯಿಂದಲೇ ಮೆತ್ತಬೇಕು. ಮೇಲೆ ಅರಿವೆಯ ತುಣುಕುಗಳನ್ನು ಅಂಟಿಸಬೇಕು. ಅದರ ಮೇಲೆ ನುಣ್ಣಗೆ ಅರೆದ ಬೆಣಚುಕಲ್ಲಿನ ಪುಡಿಯ ಲೇಪ. ಆಭರಣ, ಸೆರಗಿನ ಅಂಚು ಮೊದಲಾದ ಉಬ್ಬುಗಳನ್ನು ಅಂಟಿನಲ್ಲಿ ಕಲಸಿದ ಅದೇ ಲೇಪದಿಂದ ಎಬ್ಬಿಸಬೇಕು. ಪ್ರತಿಯೊಂದು ಹಂತವೂ ಒಣಗಿದ ಮೇಲೆಯೇ ಬಣ್ಣ. ಚಿನ್ನದಂತೆ ಹೊಳೆಯಬೇಕಾದಲ್ಲಿ ತೆಳುವಾದ ಲೋಹದ ಹಾಳೆಯಿಂದ ಮಾಡುವ ಲಾಜವರದ ಕೆಲಸ. ಅಂಗಡಿಯ ಬೆಳಕಿನಲ್ಲಿ ಬೊಂಬೆಯನ್ನು ಕಂಡು 'ಇಷ್ಟು ಬೆಲೆಯೆ?' ಎಂದವರು ಆ ಅಂಗಳದಲ್ಲಿ ಒಂದು ಗಳಿಗೆ ಕುಳಿತು ನೋಡಿದರೆ 'ಇಷ್ಟೇ ಬೆಲೆಯೆ?' ಎನ್ನುವರು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಎಂದರೆ ಬೇರೆ ಕಡೆ ಮಾಡಿದುದನ್ನು ಆ ಹೆಸರಿನಿಂದ ಮಾರುವಂತಿಲ್ಲ. ಕಾಯಿದೆ ಹೆಸರನ್ನು ಕಾಯಬಲ್ಲದು. ಕಲಿಯಲು ಬರುವ ಹುಡುಗನನ್ನು ತರಲಾರದು. ಅವನನ್ನು ತರುವುದು ವರ್ಷವಿಡೀ ಕೈಯಲ್ಲಿರುವ ಕೆಲಸ ಒಂದೇ.

ಮರುದಿನ ಪಶ್ಚಿಮಕ್ಕೆ, ಧಾರವಾಡ ಜಿಲ್ಲೆಯ ಕಲಘಟಗಿಗೆ. ಅಲ್ಲಿಯ ಬಣ್ಣದ ತೊಟ್ಟಿಲಿಗೆ ಮನಸೋಲದವರಿಲ್ಲ. ತೇಗದ ಮರ, ಅರಗಿನ ಬಣ್ಣ. ಸುತ್ತಲಿನ ಹಲಗೆಗಳ ಮೇಲೆ ಪುರಾಣದ ಚಿತ್ರಗಳು. ಅಜ್ಜಿಯನ್ನು ತೂಗಿದ ತೊಟ್ಟಿಲು ಮೊಮ್ಮಗಳ ಮಗುವನ್ನು ತೂಗಿದರೂ ಬಣ್ಣ ಮಾಸಿರದು. ಆ ಕಡೆ ತವರಿನವರು ಚೊಚ್ಚಲ ಬಾಣಂತಿಯೊಡನೆ ತೊಟ್ಟಿಲನ್ನೂ ಕಳುಹಿಸುವುದು ಒಂದು ಹೆಮ್ಮೆ. ಒಂದು ಮನೆಯ ತೊಟ್ಟಿಲು ಓಣಿಯ ಅರ್ಧ ಮಕ್ಕಳನ್ನು ತೂಗಿರುವುದೂ ಉಂಟು. ಪಟ್ಟಣದ ಮನೆಗಳ ಛಾವಣಿಯಲ್ಲಿ ತೂಗುಹಾಕಲು ಕೊಂಡಿಯೇ ಇಲ್ಲದಿರುವುದರಿಂದ, ಕೆಲವರು ಆ ತೊಟ್ಟಿಲನ್ನು ಕೊಂಡು ಅದರಲ್ಲಿ ವಾರಪತ್ರಿಕೆಗಳನ್ನು ತುಂಬಿಡುತ್ತಾರೆ. ಪತ್ರಿಕೆಯವರು ಇದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯದು. ವಿನ್ಯಾಸಕಾರರು ಛಾವಣಿ ಹಾಕುವ ಮೊದಲೇ ಇಂಜಿನಿಯರಿಗೆ ಹೇಳಿ ಎರಡು ಗಟ್ಟಿ ಕೊಂಡಿಗಳನ್ನು ಇಡಿಸಿದರೆ, ತೊಟ್ಟಿಲು ತೊಟ್ಟಿಲಾಗಿಯೇ ಉಳಿದೀತು. ಈ ಒಂದು ಸಣ್ಣ ಉಪಕಾರ ಎಷ್ಟೋ ಭಾಷಣಗಳಿಗಿಂತ ಮೇಲು.

ಇಂಥ ಪ್ರವಾಸ ಹೋಗುವವರು ಕೆಲವು ನಡತೆಗಳನ್ನು ಮೊದಲೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು. ಆಮಿಷರು ತಮ್ಮ ಮುಖದ ಚಿತ್ರ ತೆಗೆಯುವುದನ್ನು ಬಯಸರು. ಹೋದವರು ಅದನ್ನು ಗೌರವಿಸುತ್ತಾರೆ. ನಮ್ಮ ಚಿತ್ರಗಾರ ಚಿತ್ರ ತೆಗೆಯಬೇಡವೆನ್ನನು. ಆದರೆ ಅವನ ಮಾದರಿಯ ಚಿತ್ರ ತೆಗೆದುಕೊಂಡು ಹೋಗಿ ಬೇರೆಲ್ಲಿಯೋ ಯಂತ್ರದಲ್ಲಿ ಕೊರೆಸಿದರೆ ಅದು ಕಳವೇ. ಚೌಕಾಸಿ ಅಂಗಡಿಯಲ್ಲಿ ಶೋಭಿಸೀತು, ಕೆಲಸದ ಅಂಗಳದಲ್ಲಿ ಶೋಭಿಸದು. ಬಡಿಗನ ಹೆಸರನ್ನು ಗಿರಾಕಿಗೆ ಹೇಳಬೇಕು. ಮೇಜಿನ ಅಡಿಯಲ್ಲಿ ಅವನ ಹೆಸರು, ಊರು, ವರ್ಷಗಳನ್ನು ಕೊರೆಸಿದರೆ ಇನ್ನೂ ಚೆನ್ನ. ಹಿಂದಿನ ಬಡಿಗ ತನ್ನ ಹೆಸರು ಬರೆಯಲಿಲ್ಲ ನಿಜ. ಊರಿನವರೆಲ್ಲರಿಗೂ ಅವನು ಯಾರೆಂದು ಗೊತ್ತಿದ್ದಾಗ ಬರೆಯುವ ಅಗತ್ಯವಿರಲಿಲ್ಲ. ಮೇಜು ಇನ್ನೂರು ಮೈಲಿ ದೂರ ಹೋಗುವಾಗ ಅಗತ್ಯವುಂಟು.

ಎಲ್ಲಕ್ಕಿಂತ ಮಿಗಿಲಾಗಿ ಮುಂಗಡ. ಒಣಗಿದ ಒಳ್ಳೆಯ ಮರ ಕೊಳ್ಳಲು ಕೈಯಲ್ಲಿ ಹಣವಿಲ್ಲದ ಬಡಿಗ ಹಸಿ ಮರದಲ್ಲಿ ಕೆಲಸ ಮಾಡುತ್ತಾನೆ. ಹಸಿ ಮರ ಆರು ತಿಂಗಳಲ್ಲಿ ಸೊಟ್ಟಗಾಗುತ್ತದೆ, ಸೀಳುತ್ತದೆ. ಗಿರಾಕಿ 'ಹಳ್ಳಿಯ ಕೆಲಸವೇ ಇಷ್ಟು' ಎಂದು ಮೂಗು ಮುರಿಯುತ್ತಾನೆ. ಇಲ್ಲಿ ತಪ್ಪು ಕೈಯದಲ್ಲ, ಬಂಡವಾಳದ್ದು. ಓಹಾಯೋದ ಮೇಜು ನೆಟ್ಟಗೆ ನಿಲ್ಲುವುದಕ್ಕೆ ಮರವನ್ನು ಗೂಡಿನಲ್ಲಿ ಹದವಾಗಿ ಒಣಗಿಸಿರುವುದು ಒಂದು ಮುಖ್ಯ ಕಾರಣ. ಹತ್ತು ಮಂದಿ ವಿನ್ಯಾಸಕಾರರು ಸೇರಿ ಒಂದು ವರ್ಷಕ್ಕೆ ಬೇಕಾದ ಬಾಗಿಲು, ಮಂಚ, ತೊಟ್ಟಿಲುಗಳ ಪಟ್ಟಿ ಮಾಡಿ ಅರ್ಧ ಹಣವನ್ನು ಮೊದಲೇ ಕೊಟ್ಟರೆ, ಒಂದು ಊರಿನಲ್ಲಿ ಮರ ಒಣಗಿಸುವಷ್ಟು ಕಾಲವೂ ದಾಸ್ತಾನೂ ದೊರೆತಾವು. ಅಳತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಬಗ್ಗಬೇಕಾದೀತು. ಪಟ್ಟಣದವರು ಮಿಲಿಮೀಟರಿನಲ್ಲಿ ಬರೆದು ತಂದ ನಕ್ಷೆಯನ್ನು ವಯಸ್ಸಾದ ಬಡಿಗ ಅಂಗುಲಕ್ಕೆ ತಿರುಗಿಸಿಕೊಂಡು, ಬೆರಳು ಮಡಚಿ ಎಣಿಸಿ, 'ಇದರಾಗ ಆಯ ಕೂಡಂಗಿಲ್ಲರಿ, ಅರ್ಧ ಅಂಗುಲ ಹೆಚ್ಚು ಮಾಡೂಣು' ಎಂದರೆ, ಅರ್ಧ ಅಂಗುಲ ಬಿಟ್ಟುಕೊಡುವುದೇ ಒಳಿತು.

ಹೊರಡುವ ತಿಂಗಳನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕಿಟ್ಟ ಬೇಗ ಆರದು, ಬಣ್ಣ ಹಿಡಿಯದು; ಚೈತ್ರ ವೈಶಾಖಗಳಲ್ಲಿ ಆ ಸೀಮೆಯ ಬಿಸಿಲು ಪಟ್ಟಣಿಗರಿಂದ ತಾಳಲಾಗದು. ದೀಪಾವಳಿ ಕಳೆದು ಜೋಳದ ಹೊಲಗಳು ಹಸುರಾಗಿರುವಾಗ ಹೋದರೆ, ಕೃಷ್ಣೆಯ ಹಿನ್ನೀರೂ ತುಂಬಿರುತ್ತದೆ, ಅಂಗಳದಲ್ಲಿ ಕೆಲಸವೂ ನಡೆದಿರುತ್ತದೆ.